ಗೆದ್ದವರ ಬಾಯಲ್ಲಿ ಗೇರುಸೊಪ್ಪೆ

ಕೆಲವು ವರ್ಷಗಳ ಕೆಳಗೆ ಬೈಂದೂರಿನಲ್ಲಿ ನಡೆದ ಒಂದು ಸಣ್ಣ ಸಾಹಿತ್ಯಗೋಷ್ಠಿಯಲ್ಲಿ ಕರಾವಳಿಯ ಹಳೆಯ ಅರಸುಮನೆತನಗಳ ವಿಷಯವಾಗಿ ಅರ್ಧ ಗಂಟೆ ಮಾತನಾಡುವ ಸಂದರ್ಭ ನನಗೆ ಒದಗಿತ್ತು. ಮಳೆಗಾಲದ ಸಂಜೆ. ಒಳಗೆ ಮೂವತ್ತು ನಲವತ್ತು ಮಂದಿ ಸೇರಿದ್ದರು. ಶಾಸನಗಳ ಮಾತೆತ್ತಿದರೆ ಸಭೆ ತೂಕಡಿಸೀತೆಂಬ ಭಯದಿಂದ, ಭಾಷಣಕಾರರು ಸಾಮಾನ್ಯವಾಗಿ ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಒಂದು ಕಥೆ ಹೇಳಿದೆ. ಗೇರುಸೊಪ್ಪೆಯ ಕೊನೆಯ ರಾಣಿ ಹೇಗೆ ಒಬ್ಬ ಪರದೇಶಿಯಲ್ಲಿ ಮೋಹಗೊಂಡಳು, ಹೇಗೆ ಅವನಿಂದ ರಾಜ್ಯ ಕೆಟ್ಟಿತು, ಹೇಗೆ ಅವಳು ಇಕ್ಕೇರಿಯಲ್ಲಿ ಸೆರೆಯಾಳಾಗಿ ಸತ್ತಳು ಎಂಬ ಕಥೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಬರೆದಿಟ್ಟದ್ದು. ಸಭೆ ಚೆನ್ನಾಗಿ ಕೇಳಿತು. ಒಂದೆರಡು ಕಡೆ ನಕ್ಕಿತು ಕೂಡ.

ಕೊನೆಯಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಎದ್ದು, ‘ಈ ಕಥೆಯನ್ನು ಆ ಪ್ರವಾಸಿಗೆ ಹೇಳಿದವರು ಯಾರು?’ ಎಂದು ಕೇಳಿದರು. ನಾನು ಪುಸ್ತಕದ ಹೆಸರು ಹೇಳಿದೆ, ಇಸವಿ ಹೇಳಿದೆ. ‘ಅದಲ್ಲ ನಾನು ಕೇಳಿದ್ದು. ಅವನು ಬಂದಾಗ ರಾಣಿ ಬದುಕಿರಲಿಲ್ಲ, ಊರೂ ಇರಲಿಲ್ಲ ಎಂದು ನೀವೇ ಹೇಳಿದಿರಿ. ಹಾಗಾದರೆ ಅವನಿಗೆ ಹೇಳಿದವರು ಯಾರು?’ ಎಂದು ಅವರು ಮತ್ತೆ ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಏನೋ ಹೇಳಿ ಕುಳಿತೆ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ. ನನ್ನ ಅಂದಿನ ಭಾಷಣದ ವಿಮರ್ಶೆಯೆಂದರೂ ತಪ್ಪಿಲ್ಲ.

ಬೈಂದೂರಿನವರಿಗೆ ಗೇರುಸೊಪ್ಪೆಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಒತ್ತಿನೆಣೆಯ ಗುಡ್ಡದ ಮೇಲೆ ನಿಂತು ಬಡಗಣಕ್ಕೆ ನೋಡಿದರೆ ಕಡಲದಂಡೆ ಶಿರೂರು, ಭಟ್ಕಳಗಳ ಕಡೆಗೆ ಒಂದೇ ಗೆರೆಯಾಗಿ ಸಾಗುತ್ತದೆ. ನಡುವೆ ಪ್ರಕೃತಿ ಎಳೆದ ಗಡಿ ಯಾವುದೂ ಇಲ್ಲ. ಇರುವ ಗಡಿಯನ್ನು ಎಳೆದದ್ದು ಇಂಗ್ಲಿಷರ ಕಚೇರಿ. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕುಂದಾಪುರ ತಾಲ್ಲೂಕು ಮದರಾಸಿನ ಪಾಲಿಗೆ ಉಳಿಯಿತು. ೧೯೫೬ರವರೆಗೆ ಶಿರೂರಿನಿಂದಾಚೆ ಒಂದು ಪ್ರಾಂತ, ಈಚೆ ಇನ್ನೊಂದು. ಇದರಿಂದ ಆಡಳಿತಕ್ಕೆ ಏನಾಯಿತೋ ಅದು ಬೇರೆ ಮಾತು. ಚರಿತ್ರೆಗೆ ಮಾತ್ರ ದೊಡ್ಡ ನಷ್ಟವಾಯಿತು. ಆಚೆಯ ಸೀಮೆಯ ವೃತ್ತಾಂತ ೧೮೮೩ರ ಮುಂಬಯಿ ಗೆಜೆಟಿಯರಿಗೆ ಹೋಯಿತು; ಈಚೆಯದು ೧೮೯೪ರಲ್ಲಿ ಸ್ಟರಕ್ ಸಾಹೇಬರು ಬರೆದ ದಕ್ಷಿಣ ಕನ್ನಡದ ಕೈಪಿಡಿಗೆ ಬಂತು. ಆಮೇಲಿನ ನಮ್ಮ ವಿದ್ವಾಂಸರು ಎಷ್ಟೇ ಪರಿಶ್ರಮ ಪಟ್ಟರೂ ಪುಸ್ತಕದ ಕಪಾಟು ಎರಡಾಗಿಯೇ ಉಳಿಯಿತು.

ಹದಿನೈದು ಹದಿನಾರನೆಯ ಶತಮಾನದವರಿಗೆ ಈ ಗೆರೆ ಗೊತ್ತಿರಲಿಲ್ಲ. ದಕ್ಷಿಣಕ್ಕೆ ವಿಜಯನಗರದ ರಾಜ್ಯಪಾಲರು ಕುಳಿತಿದ್ದ ಬಾರಕೂರು. ಉತ್ತರಕ್ಕೆ ಸಂಗೀತಪುರವೆಂದು ಶಾಸನಗಳು ಕರೆಯುವ ಹಾಡುವಳ್ಳಿ. ಅದರಾಚೆ ಶರಾವತಿಯ ದಂಡೆಯಲ್ಲಿ ನಗಿರೆಯ ಅರಸರ ಗೇರುಸೊಪ್ಪೆ. ಇವುಗಳ ನಡುವಣ ಸೀಮೆ ಬೈಂದೂರು. ಹಾಡುವಳ್ಳಿ, ನಗಿರೆಗಳ ಸಾಳುವ ಅರಸರು ಜೈನರು, ವಿಜಯನಗರಕ್ಕೆ ಕಪ್ಪ ಒಪ್ಪಿಸುವ ಸಾಮಂತರು. ಘಟ್ಟದ ಮೇಲಿನ ಮೆಣಸು ಗೇರುಸೊಪ್ಪೆಗೆ ಇಳಿದು ದೋಣಿಯಲ್ಲಿ ಹೊನ್ನಾವರಕ್ಕೆ ಹೋಗುತ್ತಿತ್ತು. ಭಟ್ಕಳದ ರೇವಿನಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಡುತ್ತಿದ್ದುವೆಂದೂ ಒರ್ಮುಜಿನಿಂದ ಕುದುರೆಗಳು ಬಂದಿಳಿಯುತ್ತಿದ್ದುವೆಂದೂ ಪೋರ್ತುಗೀಸ ಬಾರ್ಬೋಸಾ ೧೫೧೬ರ ಸುಮಾರಿಗೆ ಬರೆದಿದ್ದಾನೆ. ವಿಜಯನಗರದ ಲಾಯಕ್ಕೆ ಕುದುರೆ ಹೋಗುವ ದಾರಿಗಳಲ್ಲಿ ಒಂದು ಈ ಸಾಮಂತರ ಅಂಗಳದಲ್ಲೇ ಹಾದಿತ್ತು.

ಅಂಥ ಅಂಗಳವನ್ನು ಕಾಯುವುದು ಸುಲಭವಲ್ಲ. ೧೫೦೨ರಲ್ಲಿ ವಾಸ್ಕೊ ಡ ಗಾಮ ಭಟ್ಕಳವನ್ನು ಹೆದರಿಸಿ ಕಪ್ಪ ಕೇಳಿದ. ೧೫೪೨ರಲ್ಲಿ ಮಾರ್ತಿಂ ಅಫೊನ್ಸೊ ದ ಸೌಸ ಅದೇ ಊರನ್ನು ಸುಟ್ಟು ಸೂರೆಮಾಡಿದ. ೧೫೬೫ರಲ್ಲಿ ವಿಜಯನಗರ ಮುರಿದುಬಿದ್ದ ಮೇಲೆ ಈ ಕಡೆ ನೋಡುವವರೇ ಇಲ್ಲವಾಯಿತು. ೧೫೬೯ರಲ್ಲಿ ಪೋರ್ತುಗೀಸರು ಹೊನ್ನಾವರವನ್ನೂ ನಮ್ಮ ಬಸರೂರನ್ನೂ ಹಿಡಿದರು. ಗೇರುಸೊಪ್ಪೆಯ ರಾಣಿಯ ಸೈನ್ಯ ಹೊನ್ನಾವರದ ಕೋಟೆಗೆ ಮುತ್ತಿಗೆ ಹಾಕಿದರೂ ಅದನ್ನು ಬಿಡಿಸಿಕೊಳ್ಳಲಾಗಲಿಲ್ಲ. ಇತ್ತ ಘಟ್ಟದ ಮೇಲೆ ವಿಜಯನಗರದ ಇನ್ನೊಬ್ಬ ಸಾಮಂತ, ಕೆಳದಿಯ ನಾಯಕ, ಬೆಳೆಯುತ್ತಿದ್ದ. ೧೬೦೬ರ ಸುಮಾರಿಗೆ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ನುಂಗಿದ. ಒಬ್ಬ ಸಾಮಂತ ಇನ್ನೊಬ್ಬ ಸಾಮಂತನನ್ನು ತಿಂದದ್ದು ಇಷ್ಟೇ ಸಂಗತಿ. ಇದಕ್ಕೆ ಪ್ರೇಮದ ಕಥೆ ಎಲ್ಲಿಂದ ಬಂತು?

ದೆಲ್ಲಾ ವಾಲ್ಲೆ ೧೬೨೩ರ ಕೊನೆಯಲ್ಲಿ ಈ ದಾರಿಯಲ್ಲಿ ಬಂದ. ಗೋವೆಯಿಂದ ಹೊನ್ನಾವರ, ಅಲ್ಲಿಂದ ದೋಣಿಯಲ್ಲಿ ಗೇರುಸೊಪ್ಪೆ, ಆಮೇಲೆ ಘಟ್ಟ ಹತ್ತಿ ಇಕ್ಕೇರಿ. ಹಿಂದಿರುಗುವಾಗ ಘಟ್ಟ ಇಳಿದು ಬಸರೂರಿಗೆ ಬಂದು ಮಂಗಳೂರಿನ ಕಡೆಗೆ ಹೋದ. ಒಳ್ಳೆಯ ಕಣ್ಣುಳ್ಳ ಮನುಷ್ಯ. ಇಕ್ಕೇರಿಯ ಬೀದಿ, ದೇವಸ್ಥಾನದ ನಕ್ಷೆ, ಮರಳಿನ ಮೇಲೆ ಬೆರಳಾಡಿಸಿ ಲೆಕ್ಕ ಕಲಿಯುವ ಹುಡುಗರು, ಎಲ್ಲವನ್ನೂ ಬರೆದಿಟ್ಟಿದ್ದಾನೆ. ಕಣ್ಣಾರೆ ಕಂಡದ್ದನ್ನು ಹೇಳುವಾಗ ಅವನಷ್ಟು ನಂಬಿಕೆಗೆ ತಕ್ಕವರು ಕಡಮೆ. ಗೇರುಸೊಪ್ಪೆಯಲ್ಲಿ ಅವನು ಕಣ್ಣಾರೆ ಕಂಡದ್ದೇನು? ಸೊಗಸಾದ ಹೊಳೆ, ಕಾಡು, ಬಿದ್ದ ಮನೆಗಳ ಮೇಲೆ ಬೆಳೆದ ಮರಗಳು, ನಾಲ್ಕಾರು ರೈತರ ಗುಡಿಸಲು. ಹದಿನೇಳು ಹದಿನೆಂಟು ವರ್ಷಗಳಲ್ಲಿ ಒಂದು ರಾಜಧಾನಿ ಹೀಗಾಗಿತ್ತು. ಈ ಚಿತ್ರವನ್ನು ನಾನು ಪೂರ್ಣವಾಗಿ ನಂಬುತ್ತೇನೆ.

ಉಳಿದದ್ದು ಕೇಳಿದ ಕಥೆ. ಅದರ ಸಾರ ಹೀಗಿದೆ. ರಾಣಿ ಕೀಳುಕುಲದ ಒಬ್ಬ ಪರದೇಶಿಯನ್ನು ಒಲಿದು ತನ್ನನ್ನೂ ರಾಜ್ಯವನ್ನೂ ಅವನ ಕೈಗೆ ಕೊಟ್ಟಳು. ಅವನು ದ್ರೋಹ ಬಗೆದು ರಾಜ್ಯವನ್ನೇ ಕಿತ್ತುಕೊಳ್ಳಹೊರಟ. ರಾಣಿ ಪೋರ್ತುಗೀಸರ ಮೊರೆಹೊಕ್ಕಳು, ಅವರು ಬರಲಿಲ್ಲ. ದ್ರೋಹಿ ವೆಂಕಟಪ್ಪ ನಾಯಕನನ್ನು ಕರೆದ. ನಾಯಕ ಬಂದು ರಾಜ್ಯವನ್ನು ತಾನೇ ತೆಗೆದುಕೊಂಡ, ದ್ರೋಹಿಯನ್ನು ಕೊಲ್ಲಿಸಿದ, ರಾಣಿಯನ್ನು ಸೆರೆಯೊಯ್ದ, ಮರ್ಯಾದೆಯಿಂದಲೇ ಇಟ್ಟುಕೊಂಡ. ಅವಳು ಅಲ್ಲಿಯೇ ತೀರಿಕೊಂಡಳು. ಪಟ್ಟಣವನ್ನೂ ಅರಮನೆಯನ್ನೂ ಕೆಡವಿಸಿದ.

ಈ ಕಥೆಯನ್ನು ಒಂದು ನಾಟಕದಂತೆ ಎದುರಿಗಿಟ್ಟುಕೊಂಡು ಪಾತ್ರಗಳನ್ನು ಎಣಿಸೋಣ. ರಾಣಿ ತಪ್ಪಿತಸ್ಥೆ, ಏಕೆಂದರೆ ಆರಿಸಿಕೊಂಡವನು ಅಯೋಗ್ಯ. ಪ್ರಿಯ ತಪ್ಪಿತಸ್ಥ, ಏಕೆಂದರೆ ದ್ರೋಹಿ. ಪೋರ್ತುಗೀಸರು ತಪ್ಪಿತಸ್ಥರು, ಏಕೆಂದರೆ ನಂಬಿದವರನ್ನು ಕೈಬಿಟ್ಟರು. ಊರು ಕೆಡವಿದವನೊಬ್ಬನೇ ಯಾವ ತಪ್ಪೂ ಇಲ್ಲದೆ ಉಳಿಯುತ್ತಾನೆ. ಅವನು ಕರೆದದ್ದಕ್ಕೆ ಬಂದವನು, ದ್ರೋಹಿಗೆ ಶಿಕ್ಷೆ ಕೊಟ್ಟವನು, ರಾಣಿಯನ್ನು ಗೌರವದಿಂದ ನಡೆಸಿಕೊಂಡವನು. ಇನ್ನು ಸಾಕ್ಷಿಗಳು: ರಾಣಿ ಸತ್ತಿದ್ದಾಳೆ, ಪ್ರಿಯನನ್ನು ಕೊಂದದ್ದಾಗಿದೆ, ಊರಿನವರು ಚದುರಿದ್ದಾರೆ. ಹೇಳಲು ಉಳಿದವರು ಯಾರು?

ಇಲ್ಲಿಗೆ ಉಪಾಧ್ಯಾಯಿನಿಯವರ ಪ್ರಶ್ನೆಯ ಹತ್ತಿರ ಬಂದೆವು. ಉತ್ತರ ದೆಲ್ಲಾ ವಾಲ್ಲೆಯ ಪುಸ್ತಕದಲ್ಲೇ ಇದೆ. ನಾನು ಅಂದು ಗಮನಿಸಿರಲಿಲ್ಲ. ಅವನು ಒಂಟಿಯಾಗಿ ಬಂದವನಲ್ಲ. ಇಕ್ಕೇರಿಗೆ ಹೊರಟಿದ್ದ ಪೋರ್ತುಗೀಸ್ ರಾಯಭಾರಿಯ ಪರಿವಾರದಲ್ಲಿ ಬಂದ. ಆ ಪರಿವಾರದ ಜೊತೆಯಲ್ಲಿಯೇ ವೆಂಕಟಪ್ಪ ನಾಯಕನ ಕಡೆಯ ರಾಯಭಾರಿ, ವಿಠಲ ಶೆಣೈ ಎಂದು ನಾವು ಓದಿಕೊಳ್ಳಬಹುದಾದ ಹೆಸರಿನವನು, ಪ್ರಯಾಣ ಮಾಡುತ್ತಿದ್ದ. ಒಂದು ಕಡೆ ಗೆದ್ದವನ ಮನುಷ್ಯ; ಇನ್ನೊಂದು ಕಡೆ ಗೆದ್ದವನಿಂದ ಮೆಣಸು ಕೊಳ್ಳಲು ಹೊರಟವರು. ಗೇರುಸೊಪ್ಪೆಯ ಪರವಾಗಿ ಒಂದು ಮಾತು ಹೇಳುವವರು ಆ ದೋಣಿಯಲ್ಲಿ ಇರಲಿಲ್ಲ. ಇಂಥವನೇ ಹೇಳಿದನೆಂದು ಪುಸ್ತಕದಲ್ಲಿ ಬೆರಳಿಟ್ಟು ತೋರಿಸಲಾರೆ. ಅವನ ಕಿವಿಗೆ ಬೀಳಬಹುದಾಗಿದ್ದ ಬಾಯಿಗಳು ಇವು ಎಂದು ಮಾತ್ರ ಹೇಳಬಲ್ಲೆ. ಕಥೆಯ ಅಚ್ಚೂ ಅದಕ್ಕೆ ಸರಿಯಾಗಿಯೇ ಇದೆ.

ಪ್ರವಾಸಿಗೆ ಅನ್ಯಾಯ ಮಾಡಬಾರದು. ಪ್ರಿಯನನ್ನು ಹೊಂದಿದ್ದು ಈ ದೇಶದ ರೂಢಿಯಂತೆ ರಾಣಿಯರಿಗೆ ದೋಷವಲ್ಲ, ಅಂಥವನನ್ನು ನಂಬಿದ್ದೇ ದೋಷ ಎಂಬರ್ಥದ ಮಾತನ್ನು ಅವನು ಸೇರಿಸಿದ್ದಾನೆ. ಪೋರ್ತುಗೀಸರು ಈ ನಾಡಿನ ಜನರ ಸ್ನೇಹವನ್ನು ಉಳಿಸಿಕೊಳ್ಳಲರಿಯರೆಂದು ತನ್ನ ಆತಿಥೇಯರನ್ನೇ ಬಯ್ದಿದ್ದಾನೆ. ಅವನ ಕಥೆಗೆ ಬಣ್ಣ ಹಚ್ಚಿದವರು ಆಮೇಲಿನ ನಾವು. ನನ್ನ ಸಭೆ ನಕ್ಕದ್ದು ಅವನ ಮಾತಿಗಲ್ಲ, ನನ್ನ ಧ್ವನಿಗೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಚೆನ್ನಭೈರಾದೇವಿ ೧೫೫೨ರಿಂದ ೧೬೦೬ರವರೆಗೆ ಐವತ್ತನಾಲ್ಕು ವರ್ಷ ಆಳಿದಳೆಂದು ಈಗ ಎಲ್ಲೆಡೆ ಬರೆಯುತ್ತಾರೆ, ಹೆಮ್ಮೆಯಿಂದ ಭಾಷಣ ಮಾಡುತ್ತಾರೆ. ಅದು ನಿಜವಾದರೆ ಪಟ್ಟಕ್ಕೆ ಬಂದಾಗ ಚಿಕ್ಕ ಹುಡುಗಿಯಾಗಿದ್ದಳೆಂದು ಇಟ್ಟುಕೊಂಡರೂ ರಾಜ್ಯ ಹೋಗುವ ಹೊತ್ತಿಗೆ ಅವಳಿಗೆ ಅರವತ್ತು ದಾಟಿರಬೇಕು. ಎಪ್ಪತ್ತೇ ಆಗಿದ್ದರೂ ಆಶ್ಚರ್ಯವಿಲ್ಲ. ಆ ವಯಸ್ಸಿನ ಒಡತಿ ಪರದೇಶಿಯ ಮೋಹಕ್ಕೆ ಬಿದ್ದು ರಾಜ್ಯ ಕಳೆದಳೆಂಬ ಕಥೆಯನ್ನೂ ಅದೇ ಉಸಿರಿನಲ್ಲಿ ಹೇಳುವವರಿದ್ದಾರೆ. ಎರಡನ್ನೂ ಒಟ್ಟಿಗೆ ನಂಬಬೇಕಾದರೆ ಎರಡನ್ನೂ ಯೋಚಿಸದೆ ನಂಬಬೇಕು. ಅಂದು ನಾನು ಹಾಗೆಯೇ ನಂಬಿದ್ದೆ.

ಗೆದ್ದವರು ತಮ್ಮ ಕಥೆಯನ್ನು ತಾವೇ ಬರೆಯಿಸಿದರು. ಹದಿನೆಂಟನೆಯ ಶತಮಾನದಲ್ಲಿ ಲಿಂಗಣ್ಣಕವಿ ಬರೆದ ‘ಕೆಳದಿನೃಪವಿಜಯ’ ನಮ್ಮ ಭಾಷೆಯ ಅಮೂಲ್ಯ ಚಾರಿತ್ರಿಕ ಕಾವ್ಯ. ಇದರಷ್ಟು ಸಂಗತಿಗಳನ್ನು ಒಟ್ಟಿಗೆ ಕೊಡುವ ಗ್ರಂಥ ಕನ್ನಡದಲ್ಲಿ ಹೆಚ್ಚಿಲ್ಲ. ಆದರೆ ಅದರ ಹೆಸರಿನಲ್ಲೇ ‘ವಿಜಯ’ ಇದೆ. ಕೆಳದಿಯ ಅರಸರಿಗೆ ಸೋತವರು ಅಲ್ಲಿ ಬರುವುದು ಸೋಲುವುದಕ್ಕಾಗಿ ಮಾತ್ರ. ಇದು ಕವಿಯ ದೋಷವೆಂದು ನಾನು ಹೇಳುತ್ತಿಲ್ಲ. ಅವನು ತನ್ನ ಒಡೆಯರ ವಂಶಚರಿತ್ರೆ ಬರೆಯುತ್ತಿದ್ದ. ಗೇರುಸೊಪ್ಪೆಯ ವಂಶಚರಿತ್ರೆಯನ್ನು ಬರೆಯಿಸಬೇಕಾದವರು ಇಕ್ಕೇರಿಯ ಸೆರೆಯಲ್ಲಿ ತೀರಿಹೋಗಿದ್ದರು. ದೋಷವಿದ್ದರೆ, ವಿಜಯಕಾವ್ಯವನ್ನೇ ನಾಡಿನ ಚರಿತ್ರೆಯೆಂದು ಓದುವವರದು.

ಇದು ನಮ್ಮ ಕರಾವಳಿಯೊಂದರ ಹಣೆಬರಹವಲ್ಲ. ಇತ್ತೀಚೆಗೆ ನಾನು ಯೂರೋಪಿನ ಉತ್ತರಕ್ಕಿರುವ ಬಾಲ್ಟಿಕ್ ಸಮುದ್ರದ ತೀರದ ಚರಿತ್ರೆಯನ್ನು ಓದುತ್ತಿದ್ದೆ. ನಮ್ಮಲ್ಲಿ ಸಾಳುವರೂ ನಾಯಕರೂ ಇದ್ದ ಕಾಲದಲ್ಲಿಯೇ ಅಲ್ಲಿ ಪೋಲೆಂಡಿನ ದೊರೆಗೆ ಅಡಿಯಾಳಾದ ಎರಡು ಚಿಕ್ಕ ಸಂಸ್ಥಾನಗಳಿದ್ದುವು. ಒಂದು ಪ್ರಷ್ಯ, ೧೫೨೫ರಲ್ಲಿ ಅದರ ಒಡೆಯ ಪೋಲೆಂಡಿನ ದೊರೆಗೆ ಮಂಡಿಯೂರಿ ಪಟ್ಟ ಪಡೆದ. ಇನ್ನೊಂದು ಕೂರ್ಲೆಂಡ್, ಈಗಿನ ಲಾಟ್ವಿಯದ ಭಾಗ. ೧೫೬೧ರಲ್ಲಿ, ಎಂದರೆ ತಾಳಿಕೋಟೆಗೆ ನಾಲ್ಕು ವರ್ಷ ಮುಂಚೆ, ಗಾಟ್‌ಹಾರ್ಡ್ ಕೆಟ್ಲರ್ ಎಂಬಾತ ಅದೇ ರೀತಿ ಸಾಮಂತನಾದ. ಇಬ್ಬರದೂ ಒಂದೇ ದರ್ಜೆ. ಆದರೆ ಪ್ರಷ್ಯ ೧೬೫೭ರಲ್ಲಿ ಕಪ್ಪದಿಂದ ಬಿಡಿಸಿಕೊಂಡು ೧೭೦೧ರಲ್ಲಿ ರಾಜ್ಯವೆನಿಸಿತು. ಮುಂದೆ ಪೋಲೆಂಡನ್ನೇ ಹಂಚಿಕೊಂಡವರಲ್ಲಿ ಒಂದಾಯಿತು. ಅದರ ಚರಿತ್ರೆಯನ್ನು ಜಗತ್ತಿನ ಶಾಲೆಗಳಲ್ಲಿ ಮಕ್ಕಳು ಓದುತ್ತಾರೆ. ಕೂರ್ಲೆಂಡಿನ ಡ್ಯೂಕ್ ಜೇಕಬ್ ಹದಿನೇಳನೆಯ ಶತಮಾನದಲ್ಲಿ ಹಡಗು ಕಟ್ಟಿಸಿ ಆಫ್ರಿಕದ ಗಾಂಬಿಯಾ ನದಿಗೂ ವೆಸ್ಟ್ ಇಂಡೀಸಿನ ಟೊಬೆಗೊ ದ್ವೀಪಕ್ಕೂ ಜನರನ್ನು ಕಳುಹಿಸಿದವನು. ೧೬೫೮ರಲ್ಲಿ ಸ್ವೀಡನ್ನಿನವರು ಅವನನ್ನು ಸೆರೆಹಿಡಿದೊಯ್ದರು. ಎರಡು ವರ್ಷದ ಮೇಲೆ ಹಿಂದಿರುಗಿದರೂ ಹಿಂದಿನ ವೈಭವ ಮರಳಲಿಲ್ಲ. ೧೭೯೫ರಲ್ಲಿ ರಷ್ಯ ಆ ಸಂಸ್ಥಾನವನ್ನು ನುಂಗಿತು. ದೊಡ್ಡ ಚರಿತ್ರೆಗಳಲ್ಲಿ ಅವನಿಗೆ ಸಿಗುವುದು ಒಂದು ಅಡಿಟಿಪ್ಪಣಿ; ಅದೂ ವಿನೋದದ ಧಾಟಿಯಲ್ಲಿ, ಇಷ್ಟು ಚಿಕ್ಕವನಿಗೆ ಇಷ್ಟು ದೊಡ್ಡ ಆಸೆಯೇ ಎಂಬಂತೆ.

ಕೆಳದಿ ನಮ್ಮ ಪ್ರಷ್ಯ, ಗೇರುಸೊಪ್ಪೆ ನಮ್ಮ ಕೂರ್ಲೆಂಡ್ ಎಂದರೆ ಹೋಲಿಕೆ ಸ್ವಲ್ಪ ಎಳೆದಂತಾದೀತು. ಆದರೂ ತಿಳಿಯಲು ಸಹಾಯಕ. ನೆರೆಯವನನ್ನು ನುಂಗಿ ಬೆಳೆದ ಸಾಮಂತನನ್ನು ಚರಿತ್ರೆ ‘ಸ್ವತಂತ್ರ ಅರಸ’ ಎನ್ನುತ್ತದೆ. ನುಂಗಿಸಿಕೊಂಡವನು ಕೊನೆಯವರೆಗೂ ‘ಸಾಮಂತ’. ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಸಂಸ್ಕೃತದಲ್ಲಿ ‘ಸಾಮಂತ’ ಎಂಬ ಮಾತಿಗೆ ಮೊದಲಿದ್ದ ಅರ್ಥ ನೆರೆಯವನು, ಎಲ್ಲೆಗೆ ಹೊಂದಿಕೊಂಡಿರುವವನು ಎಂದು. ಕಪ್ಪ ಕೊಡುವವನು ಎಂಬ ಅರ್ಥ ಆಮೇಲೆ ಬಂದದ್ದು. ನೆರೆಯವನನ್ನು ಅಡಿಯಾಳೆಂದು ಕರೆಯುವುದಕ್ಕೆ ಭಾಷೆಯೇ ಒಗ್ಗಿಹೋಯಿತು.

ಇಷ್ಟು ದಿನದ ನಿಂದೆಗೆ ಈಗ ಪ್ರತಿಯಾಗಿ ಸ್ತುತಿ ಬಂದಿದೆ. ಗಜಾನನ ಶರ್ಮರ ‘ಚೆನ್ನಭೈರಾದೇವಿ’ ಕಾದಂಬರಿಯನ್ನು ಬಹಳ ಮಂದಿ ಓದಿದ್ದಾರೆ. ಕರಿಮೆಣಸಿನ ರಾಣಿಯ ‘ಅಕಳಂಕ ಚರಿತೆ’ ಎಂದು ಅದರ ಉಪಶೀರ್ಷಿಕೆ. ಆ ಒಂದು ಮಾತಿನಲ್ಲೇ ನಾನೂರು ವರ್ಷದ ಅಪವಾದಕ್ಕೆ ಉತ್ತರ ಕೊಡುವ ಹಂಬಲ ಕಾಣುತ್ತದೆ. ಮರೆತ ಹೆಸರನ್ನು ಮನೆಮನೆಗೆ ತಲಪಿಸುವುದು ಕಾದಂಬರಿಗೆ ಸಾಧ್ಯವಾದಷ್ಟು ಸಂಶೋಧನ ಪ್ರಬಂಧಕ್ಕೆ ಸಾಧ್ಯವಿಲ್ಲ. ಕಾದಂಬರಿಗೆ ಕಲ್ಪನೆಯ ಸ್ವಾತಂತ್ರ್ಯವಿದೆ; ಅದನ್ನು ನಾನು ಪ್ರಶ್ನಿಸುವುದಿಲ್ಲ. ಕಾದಂಬರಿ ಓದಿದ ಮೇಲೆ ವೇದಿಕೆಯಿಂದ ಮಾತನಾಡುವವರ ಬಗ್ಗೆ ನನಗೆ ಆತಂಕ. ಅವರ ಬಾಯಲ್ಲಿ ರಾಣಿ ಈಗ ಒಮ್ಮೆಯೂ ತಪ್ಪದ, ಒಮ್ಮೆಯೂ ಸಂಧಿ ಮಾಡಿಕೊಳ್ಳದ, ಪರದೇಶಿಯನ್ನು ಕಂಡರೆ ಕತ್ತಿ ಹಿರಿಯುವ ವೀರಾಗ್ರಣಿ. ಮೆಣಸು ಬೆಳೆಯುವ ನಾಡಿನ ಒಡತಿ ಮೆಣಸು ಕೊಳ್ಳುವವನೊಡನೆ ಬರಿಯ ಯುದ್ಧ ಮಾಡಿ ಐವತ್ತು ವರ್ಷ ಆಳಬಲ್ಲಳೆ? ಅವಳು ಕಾದಿದಳು, ವ್ಯಾಪಾರವನ್ನೂ ಮಾಡಿದಳು. ಒಮ್ಮೆ ಅವರ ಕೋಟೆಗೆ ಮುತ್ತಿಗೆ ಹಾಕಿದಳು, ಇನ್ನೊಮ್ಮೆ ಅವರ ನೆರವು ಕೋರಿದಳೆಂಬ ಮಾತಿದೆ. ಎರಡು ಬಲಿಷ್ಠರ ನಡುವೆ ಸಿಕ್ಕಿದ ಚಿಕ್ಕ ರಾಜ್ಯದ ಬಾಳು ಎಂದರೆ ಅದೇ. ಆ ಬಾಳಿನ ಬುದ್ಧಿವಂತಿಕೆಯನ್ನು ವೀರರಸದಲ್ಲಿ ಮುಳುಗಿಸಿದರೆ ಅವಳಿಗೆ ಇನ್ನೊಂದು ಬಗೆಯ ಅನ್ಯಾಯವಾಗುತ್ತದೆ.

‘ಕರಿಮೆಣಸಿನ ರಾಣಿ’ ಎಂಬ ಬಿರುದನ್ನೇ ನೋಡಿ. ಅದು ಪೋರ್ತುಗೀಸರು ಇಟ್ಟ ಹೆಸರು, ಎಂದರೆ ಗಿರಾಕಿ ಅಂಗಡಿಗೆ ಇಟ್ಟ ಹೆಸರು. ಅವರಿಗೆ ಬೇಕಾದದ್ದು ಮೆಣಸು; ಅವರ ಲೆಕ್ಕದಲ್ಲಿ ಅವಳು ಮೆಣಸಿನ ರಾಣಿ. ಅದನ್ನು ನಾವು ಕಿರೀಟದಂತೆ ಹೊತ್ತು ಮೆರೆಯುತ್ತಿದ್ದೇವೆ. ನಿಂದೆ ಗೆದ್ದವರಿಂದ ಬಂತು, ಸ್ತುತಿ ಕೊಂಡವರಿಂದ ಬಂತು. ಆ ನಾಡು ತನ್ನನ್ನು ತಾನು ಏನೆಂದುಕೊಂಡಿತ್ತು ಎಂಬುದನ್ನು ಇಬ್ಬರೂ ಹೇಳುವುದಿಲ್ಲ.

ಅದನ್ನು ಹೇಳುವ ಸಾಮಗ್ರಿ ಇಲ್ಲವೆ? ಇದೆ, ನಮ್ಮ ಸಾಹಿತ್ಯಚರಿತ್ರೆಯ ಪುಟಗಳಲ್ಲೇ ಇದೆ. ರಾಜಕೀಯ ಚರಿತ್ರೆ ಬರೆಯುವವರು ಆ ಕಪಾಟನ್ನು ತೆರೆಯುವುದಿಲ್ಲ. ಸಾಹಿತ್ಯಚರಿತ್ರೆ ಓದುವವರು ಆ ಕವಿಗಳು ಎಲ್ಲಿಯವರೆಂದು ಕೇಳುವುದಿಲ್ಲ. ಗೇರುಸೊಪ್ಪೆಯ ಅಭಿನವ ವಾದಿ ವಿದ್ಯಾನಂದ ಹದಿನಾರನೆಯ ಶತಮಾನದ ಮಹಾಪಂಡಿತ. ಕೃಷ್ಣದೇವರಾಯನ ಆಸ್ಥಾನವೂ ಸೇರಿದಂತೆ ಅನೇಕ ರಾಜಸಭೆಗಳಲ್ಲಿ ಅವನು ವಾದ ಗೆದ್ದ ಸಂಗತಿಯನ್ನು ಹೊಂಬುಜದ ಶಾಸನ ಸಾರುತ್ತದೆ. ಪೂರ್ವಕವಿಗಳ ಪದ್ಯಗಳನ್ನು ವಿಷಯವಾರು ಆಯ್ದು ಅವನು ‘ಕಾವ್ಯಸಾರ’ವನ್ನು ಸಂಕಲಿಸಿದ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನ ‘ಸೂಕ್ತಿಸುಧಾರ್ಣವ’ದ ಮೇಲೆ ಕನ್ನಡ ಕಾವ್ಯವನ್ನು ಹೀಗೆ ಜೋಪಾನ ಮಾಡಿದ ಕೆಲಸ ಇದು. ಅದೇ ಶತಮಾನದ ನಡುವಿನಲ್ಲಿ ನಗಿರೆಯ ಸಾಳ್ವಮಲ್ಲನ ಆಶ್ರಯದಲ್ಲಿದ್ದ ಸಾಳ್ವ ಎಂಬ ಕವಿ ಜೈನ ಸಂಪ್ರದಾಯದ ಭಾರತವನ್ನು ಷಟ್ಪದಿಯಲ್ಲಿ ಹಾಡಿದ. ರಸಗಳ ವಿಚಾರವಾಗಿ ‘ರಸರತ್ನಾಕರ’ವನ್ನು ಬರೆದ. ತೆಂಕಣಕ್ಕೆ ಕಾರ್ಕಳದ ಭೈರರಸರೂ ಇಂಥ ಸಾಮಂತರೇ. ೧೪೩೨ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದವರು ಅವರು. ರತ್ನಾಕರವರ್ಣಿಯ ‘ಭರತೇಶ ವೈಭವ’ ಆ ಸೀಮೆಯಲ್ಲಿ ೧೫೫೭ರ ಸುಮಾರಿಗೆ ಹುಟ್ಟಿತು.

ಎಲ್ಲಕ್ಕಿಂತ ಮಿಗಿಲಾದದ್ದು ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’. ಭಟ್ಟಾಕಳಂಕ ಹಾಡುವಳ್ಳಿಯ ಮಠದ ಅಕಳಂಕದೇವರ ಶಿಷ್ಯ. ಗ್ರಂಥ ಮುಗಿದದ್ದು ೧೬೦೪ರಲ್ಲ‌ಿ. ಸಂಸ್ಕೃತದಲ್ಲಿ ೫೯೨ ಸೂತ್ರ, ಅದಕ್ಕೆ ‘ಭಾಷಾಮಂಜರಿ’ ಎಂಬ ವೃತ್ತಿ, ಅದರ ಮೇಲೆ ‘ಮಂಜರೀಮಕರಂದ’ ಎಂಬ ವ್ಯಾಖ್ಯಾನ. ಕನ್ನಡಕ್ಕೆ ಇಷ್ಟು ವಿಸ್ತಾರವಾದ ವ್ಯಾಕರಣ ಅದಕ್ಕೆ ಮುಂಚೆ ಇರಲಿಲ್ಲ. ಸಂಸ್ಕೃತ ಪಂಡಿತರೆದುರು ಕನ್ನಡದ ವಕಾಲತ್ತು ವಹಿಸಿ, ಶಾಸ್ತ್ರಕ್ಕೆ ಈ ಭಾಷೆ ಸಲ್ಲದೆಂಬ ಆಕ್ಷೇಪವನ್ನು ಅವನು ಎತ್ತಿಕೊಂಡು ಖಂಡಿಸುತ್ತಾನೆ. ತೊಂಬತ್ತಾರು ಸಾವಿರ ಗ್ರಂಥಪರಿಮಾಣದ ‘ಚೂಡಾಮಣಿ’ ಎಂಬ ಶಾಸ್ತ್ರವ್ಯಾಖ್ಯಾನ ಕನ್ನಡದಲ್ಲಿ ಇತ್ತೆಂಬುದನ್ನು ಸಾಕ್ಷಿಯಾಗಿ ಮುಂದಿಡುತ್ತಾನೆ. ೧೮೯೦ರಲ್ಲಿ ರೈಸ್ ಸಾಹೇಬರು ಇದನ್ನು ಅಚ್ಚು ಹಾಕಿಸಿದರು.

ಇಸವಿಯನ್ನು ಮತ್ತೊಮ್ಮೆ ಗಮನಿಸಬೇಕು. ೧೬೦೪. ಮಠಕ್ಕೆ ನೆರಳಾಗಿದ್ದ ರಾಜ್ಯ ಮುಳುಗುವುದಕ್ಕೆ ಒಂದೆರಡು ವರ್ಷ ಮಾತ್ರ ಉಳಿದಿತ್ತು. ಸುತ್ತ ಪೋರ್ತುಗೀಸರ ಹಡಗು, ಘಟ್ಟದ ಮೇಲೆ ಇಕ್ಕೇರಿಯ ದಂಡು. ಅಂಥ ಹೊತ್ತಿನಲ್ಲಿ ಆ ಮಠದ ಒಬ್ಬ ಶಿಷ್ಯ ನಮ್ಮ ಭಾಷೆಯ ವಿಭಕ್ತಿ, ಸಂಧಿ, ಸಮಾಸಗಳನ್ನು ಒಂದೊಂದಾಗಿ ಹಿಡಿದು ಸೂತ್ರ ಕಟ್ಟುತ್ತಿದ್ದ. ಆಡಂಬರ, ಮೋಹ, ದ್ರೋಹಗಳಲ್ಲಿ ಮುಳುಗಿ ಕೊಳೆತ ನಾಡು ಇಂಥ ಕೆಲಸವನ್ನು ಸಾಕಿಕೊಂಡು ಬರುತ್ತದೆಯೆ? ಒಂದು ಗ್ರಂಥದಿಂದ ರಾಣಿಯ ನಡತೆಯನ್ನು ಸಾಧಿಸಲಾಗುವುದಿಲ್ಲ, ನಿಜ. ಆದರೆ ಆ ಸೀಮೆಯ ಬದುಕು ಹೇಗಿತ್ತೆಂಬುದಕ್ಕೆ, ದೋಣಿಯಲ್ಲಿ ಕುಳಿತು ಕೇಳಿದ ಒಂದು ಕಥೆಗಿಂತ ನೂರಾರು ವರ್ಷ ನಡೆದುಬಂದ ಒಂದು ವಿದ್ಯಾಪರಂಪರೆ ಹೆಚ್ಚು ತೂಕದ ಸಾಕ್ಷಿಯೆಂದು ನನ್ನ ಅಭಿಪ್ರಾಯ.

ಬಾಲ್ಟಿಕ್ ತೀರದಲ್ಲೂ ಹೀಗೆಯೇ ಆಗಿದೆ. ಲಾಟ್ವಿಯನ್ ಭಾಷೆಯ ಮೊದಲ ನಿಘಂಟನ್ನು ೧೬೩೮ರಲ್ಲಿ ಪ್ರಕಟಿಸಿದ ಮಾನ್ಸೇಲಿಯಸ್ ಎಂಬ ಪಾದ್ರಿ ಕೂರ್ಲೆಂಡಿನ ಡ್ಯೂಕನ ಆಸ್ಥಾನದ ಧರ್ಮೋಪದೇಶಕನಾಗಿದ್ದ. ಆ ಭಾಷೆಗೆ ವಿಸ್ತಾರವಾದ ವ್ಯಾಕರಣವನ್ನು ೧೭೬೧ರಲ್ಲಿ ಕೊಟ್ಟ ಸ್ಟೆಂಡರ್ ಕೂಡ ಅದೇ ಸಂಸ್ಥಾನದ ಪಾದ್ರಿ. ಡ್ಯೂಕನ ಹಡಗುಗಳು ಹೋದುವು, ದ್ವೀಪಗಳು ಹೋದುವು, ಕೊನೆಗೆ ಸಂಸ್ಥಾನವೂ ಹೋಯಿತು. ರೈತರ ಭಾಷೆಯೆಂದು ಆಗಿನ ಒಡೆಯರು ಹಗುರವಾಗಿ ಕಂಡ ಲಾಟ್ವಿಯನ್ ಈಗ ಒಂದು ಸ್ವತಂತ್ರ ದೇಶದ ರಾಜಭಾಷೆ. ಅಲ್ಲಿಯವರು ತಮ್ಮ ಚಿಕ್ಕ ಸಂಸ್ಥಾನದ ಚರಿತ್ರೆ ಬರೆಯುವಾಗ ಹಡಗಿನ ಜೊತೆಗೆ ನಿಘಂಟನ್ನೂ ಎಣಿಸುತ್ತಾರೆ. ನಾವು ಮೆಣಸಿನ ಮೂಟೆ ಎಣಿಸಿ ನಿಲ್ಲಿಸುತ್ತೇವೆ.

ಹೋದ ಚಳಿಗಾಲದಲ್ಲಿ ಗೇರುಸೊಪ್ಪೆಗೆ ಹೋಗಿದ್ದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲಿಟ್ಟು ಕಟ್ಟಿದ ಚತುರ್ಮುಖ ಬಸದಿ ಕಾಡಿನ ನಡುವೆ ಈಗಲೂ ನಿಂತಿದೆ. ಕಲ್ಲಿನ ಕೆಲಸ ಅಚ್ಚುಕಟ್ಟು. ದೆಲ್ಲಾ ವಾಲ್ಲೆ ಕಂಡ ಮರಗಳ ಮೊಮ್ಮಕ್ಕಳೋ ಮರಿಮಕ್ಕಳೋ ಸುತ್ತ ಬೆಳೆದಿದ್ದುವು. ಯಾವ ಬಾಗಿಲಲ್ಲಿ ನಿಂತರೂ ಒಳಗಿನ ಜಿನಬಿಂಬದ ಒಂದು ಮುಖ ಎದುರಾಗುತ್ತದೆ. ನಾವು ಮಾತ್ರ ಇಷ್ಟು ಕಾಲ ಈ ನಾಡನ್ನು ಗೆದ್ದವರು ಒಳನುಗ್ಗಿದ ಬಾಗಿಲೊಂದರಿಂದಲೇ ನೋಡುತ್ತ ಬಂದೆವಲ್ಲ ಎನ್ನಿಸಿತು.

ಮುಂದೆ ಯಾರಾದರೂ ನಗಿರೆ ಹಾಡುವಳ್ಳಿಗಳ ಚರಿತ್ರೆಯನ್ನು ಸಾಮಾನ್ಯ ಓದುಗರಿಗಾಗಿ ಬರೆಯುವುದಾದರೆ ನನ್ನ ಕೋರಿಕೆ ಇಷ್ಟೆ. ೧೮೬೨ರ ಗೆರೆಯನ್ನು ಮರೆತು ಬಾರಕೂರಿನಿಂದ ಮಿರ್ಜಾನಿನವರೆಗೆ ಒಂದೇ ಕಡಲತೀರವೆಂದು ಬರೆಯಲಿ. ಶಾಸನವನ್ನೂ ಕಾವ್ಯವನ್ನೂ ಒಂದೇ ಮೇಜಿನ ಮೇಲಿಡಲಿ. ಪರದೇಶಿಗಳ ಮಾತನ್ನು ಉದಾಹರಿಸುವಾಗ ಅವರು ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರ್ಪಡಿಸಲಿ. ಕೇಳಿದ್ದಾದರೆ ಯಾರ ದೋಣಿಯಲ್ಲಿ ಕುಳಿತು ಕೇಳಿದ್ದು ಎಂಬುದನ್ನೂ ಹೇಳಲಿ. ರಾಣಿಯನ್ನು ದೇವತೆ ಮಾಡುವುದು ಬೇಡ, ಜಾರೆ ಮಾಡುವುದೂ ಬೇಡ. ತನ್ನ ಸೀಮೆಯನ್ನು ದೀರ್ಘಕಾಲ ಕಾಯ್ದು ಕೊನೆಗೆ ಸೋತ ಒಬ್ಬ ಅರಸಿಯೆಂದು ತಿಳಿದರೆ ಸಾಕು.

ಆ ಉಪಾಧ್ಯಾಯಿನಿಯವರನ್ನು ಆಮೇಲೆ ನಾನು ನೋಡಿಲ್ಲ. ಈ ಪುರವಣಿ ಅವರ ಕೈಗೆ ಬಂದರೆ ನನ್ನ ಉತ್ತರ ಅವರಿಗೆ ತಲಪೀತು: ಅಮ್ಮ, ಆ ಕಥೆ ಗೆದ್ದವರ ಜೊತೆಯಲ್ಲಿ ಬಂದವನು ಕೇಳಿದ್ದು. ಅದನ್ನು ವಿಚಾರಿಸದೆ ನಿಮ್ಮ ಊರಿನ ಸಭೆಯಲ್ಲಿ ಹೇಳಿ ನಗಿಸಿದ್ದು ನನ್ನ ತಪ್ಪು.